ಹಳೆಯ ಪಿಕಪ್ ವಾಹನಗಳಲ್ಲಿ ಪೆಟ್ರೋಲ್ ಎಂಜಿನ್ ಬದಲಿಗೆ ಡೀಸೆಲ್ ಎಂಜಿನ್ ಅಳವಡಿಸುವ ಕುರಿತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಮಂಗಳೂರು ನಗರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಹಳೆಯ ಪೆಟ್ರೋಲ್ ಜೀಪ್, ಜೀಪ್ ಪಿಕಪ್ ಮತ್ತು ಸಣ್ಣ ಸರಕು ವಾಹನಗಳನ್ನು ಇಂದಿಗೂ ಉಪಯೋಗಿಸುತ್ತಿರುವ ಮಾಲೀಕರು ಅನೇಕರಿದ್ದಾರೆ. ದಕ್ಕೆಯಿಂದ ಮೀನು ಸಾಗಿಸುವವರು, ತೋಟದಿಂದ ಅಡಿಕೆ ಮತ್ತು ತೆಂಗಿನಕಾಯಿ ತರುವವರು, ಬೈಕಂಪಾಡಿಯ ಕೈಗಾರಿಕಾ ಪ್ರದೇಶಕ್ಕೆ ಬಿಡಿಭಾಗ ಒದಗಿಸುವವರು ಇವರಲ್ಲಿ ಸೇರಿದ್ದಾರೆ. ಪೆಟ್ರೋಲ್ ಖರ್ಚು ತಾಳಲಾಗದೆ, ಗುಜರಿಯಲ್ಲಿ ಅಥವಾ ಗ್ಯಾರೇಜಿನಲ್ಲಿ ದೊರೆಯುವ ಹಳೆಯ ಡೀಸೆಲ್ ಎಂಜಿನ್ ಕೂರಿಸಿಕೊಳ್ಳುವ ಆಲೋಚನೆ ಇಂತಹ ಮಾಲೀಕರಿಗೆ ಬರುವುದು ಸಹಜ.

ಆದರೆ ಎಂಜಿನ್ ಅಳವಡಿಸಿ ಹಣ ಪಾವತಿಸಿದ ನಂತರ ಅನುಮತಿಗಾಗಿ ಅರ್ಜಿ ಸಲ್ಲಿಸಿದರೆ ಮಾಲೀಕರು ತೀವ್ರ ನಷ್ಟಕ್ಕೆ ಗುರಿಯಾಗಬೇಕಾಗುತ್ತದೆ. ವಾಹನವು ಅರ್ಹತಾ ಪತ್ರ ಪಡೆಯಲಾಗದೆ ನಿಲ್ಲುತ್ತದೆ. ಹಾಕಿದ ಹಣ ಮರಳಿ ಬರುವುದಿಲ್ಲ. ಆದುದರಿಂದ ಕೆಲಸಕ್ಕೆ ಮುಂಗಡ ಕೊಡುವ ಮೊದಲೇ ಈ ಕೆಳಗಿನ ವಿವರಗಳನ್ನು ಪೂರ್ಣವಾಗಿ ಓದಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.

2. ಈ ಪದ್ಧತಿಯ ಹಿನ್ನೆಲೆ

"ನಮ್ಮ ತಂದೆಯವರ ಕಾಲದಲ್ಲಿ ಎಲ್ಲರೂ ಹೀಗೆಯೇ ಮಾಡಿಸುತ್ತಿದ್ದರು, ಈಗೇಕೆ ಆಗದು?" ಎಂಬುದು ಅರ್ಜಿದಾರರಲ್ಲಿ ಸಾಮಾನ್ಯವಾಗಿ ಮೂಡುವ ಪ್ರಶ್ನೆ. ಇದಕ್ಕೆ ಉತ್ತರ ಕಾನೂನಿನ ಇತಿಹಾಸದಲ್ಲಿದೆ.

ಮಹೀಂದ್ರ ಸಂಸ್ಥೆಯು ಭಾರತದಲ್ಲಿ ತಯಾರಿಸಿದ ಆರಂಭದ ಜೀಪುಗಳಲ್ಲಿ ವಿಲ್ಲಿಸ್ ವಿನ್ಯಾಸದ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಇತ್ತು. ಡೀಸೆಲ್ ಬೆಲೆಯನ್ನು ಸರ್ಕಾರವು ನಿಯಂತ್ರಿಸುತ್ತಿದ್ದ ವರ್ಷಗಳಲ್ಲಿ ಎರಡು ಇಂಧನಗಳ ನಡುವೆ ಬೆಲೆಯ ಅಂತರ ಬಹಳವಿತ್ತು. ಆದ್ದರಿಂದ ಜೀಪ್ ಹಾಗೂ ಅಂಬಾಸಡರ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ದೇಶದಾದ್ಯಂತ ನಡೆಯುತ್ತಿತ್ತು. ಮುಂದೆ ತಯಾರಕರೇ ಡೀಸೆಲ್ ಜೀಪುಗಳನ್ನು ಮಾರುಕಟ್ಟೆಗೆ ತಂದರು.

ಆಗ ಜಾರಿಯಲ್ಲಿದ್ದ 1939ರ ಮೋಟಾರು ವಾಹನ ಕಾಯ್ದೆಯ 32ನೇ ಪ್ರಕರಣದ ಪ್ರಕಾರ ಮಾಲೀಕರು ನೋಂದಣಿ ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಿ, ಅನುಮತಿ ಪಡೆದು ಮಾರ್ಪಾಡು ಮಾಡಿಸಬಹುದಾಗಿತ್ತು. 1989ರ ಜುಲೈ 1ರಂದು ಜಾರಿಗೆ ಬಂದ 1988ರ ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣವೂ ಮೊದಲಿಗೆ ಪೂರ್ವಾನುಮತಿಯ ಈ ದಾರಿಯನ್ನು ಉಳಿಸಿಕೊಂಡಿತ್ತು. ಹಿರಿಯರು ಮಾಡಿಸಿದ ಮಾರ್ಪಾಡುಗಳು ಈ ಅವಕಾಶದ ಅಡಿಯಲ್ಲಿ ನಡೆದವು.

3. ಈಗಿನ ಕಾನೂನಿನ ಸ್ಥಿತಿ

2000ನೇ ಇಸವಿಯ ತಿದ್ದುಪಡಿ ಕಾಯ್ದೆಯು ಆ ವರ್ಷದ ಆಗಸ್ಟ್ 11ರಿಂದ ಜಾರಿಗೆ ಬಂದು 52ನೇ ಪ್ರಕರಣದ ಸ್ವರೂಪವನ್ನೇ ಬದಲಾಯಿಸಿತು. ಅದರಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಇಂಧನದ ಬಗೆ, ಎಂಜಿನ್‌ನ ಘನ ಸಾಮರ್ಥ್ಯ, ಸಿಲಿಂಡರ್‌ಗಳ ಸಂಖ್ಯೆ ಇವೆಲ್ಲವೂ ಅಂತಹ ವಿವರಗಳಾಗಿವೆ.

ಈ ನಿಷೇಧಕ್ಕೆ ಕಾಯ್ದೆಯಲ್ಲಿಯೇ ವಿನಾಯಿತಿಗಳನ್ನು ಕೊಡಲಾಗಿದೆ. ಬೇರೆ ಇಂಧನದಿಂದ ಅಥವಾ ಬ್ಯಾಟರಿ ಮೊದಲಾದ ಶಕ್ತಿಮೂಲದಿಂದ ವಾಹನ ಓಡಿಸುವ ಸಲುವಾಗಿ ಪರಿವರ್ತನಾ ಕಿಟ್ ಅಳವಡಿಸುವುದಾದರೆ, ಕೇಂದ್ರ ಸರ್ಕಾರವು ನಿಗದಿಪಡಿಸಿದ ಷರತ್ತುಗಳಿಗೆ ಒಳಪಟ್ಟು ಮಾಡಬಹುದು. ಯಾವುದಾದರೂ ನಿರ್ದಿಷ್ಟ ಉದ್ದೇಶಕ್ಕಾಗಿ ಕೇಂದ್ರ ಸರ್ಕಾರವು ಬೇರೆ ವಿನಾಯಿತಿಯನ್ನೂ ನೀಡಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಸಿ.ಎನ್.ಜಿ., ಎಲ್.ಪಿ.ಜಿ. ಹಾಗೂ ವಿದ್ಯುತ್ ಅಥವಾ ಹೈಬ್ರಿಡ್ ಕಿಟ್‌ಗಳಿಗೆ ಪರೀಕ್ಷೆ ಮತ್ತು ಅನುಮೋದನೆಯ ಕ್ರಮವನ್ನು ವಿಧಿಸಲಾಗಿದೆ. ಪೆಟ್ರೋಲ್ ವಾಹನವನ್ನು ಡೀಸೆಲ್ ವಾಹನವನ್ನಾಗಿ ಮಾಡುವ ಕಿಟ್‌ಗೆ ಅಂತಹ ಕ್ರಮವಿಲ್ಲ. ಗುಜರಿಯಿಂದ ತಂದ ಎಂಜಿನ್ ಮತ್ತು ಗ್ಯಾರೇಜಿನಲ್ಲಿ ಮಾಡಿದ ಪಟ್ಟಿ ಇವು ಅನುಮೋದಿತ ಕಿಟ್ ಎನಿಸಲಾರವು.

ಈ ಪ್ರಕರಣದ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರ ತನ್ನ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಕೇರಳದಿಂದ ಬಂದ ಈ ಮೊಕದ್ದಮೆಯಲ್ಲಿ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು ಎಂದು ನ್ಯಾಯಾಲಯವು ತೀರ್ಮಾನಿಸಿ, ಬೇರೆ ಅಭಿಪ್ರಾಯ ತಾಳಿದ್ದ ಕೇರಳ ಉಚ್ಚ ನ್ಯಾಯಾಲಯದ ತೀರ್ಪನ್ನು ತಳ್ಳಿಹಾಕಿತು. ಈ ವ್ಯಾಖ್ಯಾನವು ಕರ್ನಾಟಕಕ್ಕೂ ಅನ್ವಯಿಸುತ್ತದೆ. ಅದೇ ಮಾದರಿಯ ಡೀಸೆಲ್ ಆವೃತ್ತಿಯನ್ನು ತಯಾರಕರು ಮಾರಾಟ ಮಾಡಿದ್ದರು ಎಂಬ ಮಾತ್ರಕ್ಕೆ, ಪೆಟ್ರೋಲ್ ವಾಹನವೆಂದು ನೋಂದಣಿಯಾದ ತಮ್ಮ ವಾಹನಕ್ಕೆ ಡೀಸೆಲ್ ಎಂಜಿನ್ ಕೂರಿಸುವ ಹಕ್ಕು ದೊರೆಯುತ್ತದೆಂದು ಮಾಲೀಕರು ಭಾವಿಸಬಾರದು.

2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ 182ಎ ಪ್ರಕರಣದ 4ನೇ ಉಪ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗಿನ ಕಾರಾಗೃಹ ವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಇದಲ್ಲದೆ 53ನೇ ಪ್ರಕರಣದ ಅಡಿಯಲ್ಲಿ ನೋಂದಣಿಯನ್ನು ಅಮಾನತುಗೊಳಿಸುವ ಅಧಿಕಾರವೂ ನೋಂದಣಿ ಪ್ರಾಧಿಕಾರಕ್ಕೆ ಇದೆ.

4. ನಿಷೇಧದ ಹಿಂದಿನ ಸುರಕ್ಷತಾ ಕಾರಣಗಳು

ಈ ನಿಷೇಧವು ಕೇವಲ ಕಡತದ ವಿಚಾರವಲ್ಲ. ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್‌ಗಳು ಕೆಲಸ ಮಾಡುವ ರೀತಿ ಬೇರೆಯಾಗಿರುವುದರಿಂದ, ಎಂಜಿನ್ ಬದಲಾದಾಗ ವಾಹನದ ಉಳಿದ ಭಾಗಗಳ ಮೇಲೆಯೂ ಪರಿಣಾಮ ಉಂಟಾಗುತ್ತದೆ.

(ಅ) ಬ್ರೇಕ್: ಇದು ಎಲ್ಲಕ್ಕಿಂತ ಮುಖ್ಯವಾದ ಅಂಶ. ಪೆಟ್ರೋಲ್ ಎಂಜಿನ್ ಒಳಕ್ಕೆಳೆಯುವ ಗಾಳಿಯನ್ನು ಥ್ರಾಟಲ್ ತಡೆಯುವುದರಿಂದ ಅಲ್ಲಿ ನಿರ್ವಾತ ಉಂಟಾಗುತ್ತದೆ. ಬ್ರೇಕ್ ಬೂಸ್ಟರ್ ಇರುವ ವಾಹನಗಳಲ್ಲಿ ಕಾಲಿನ ಒತ್ತಡಕ್ಕೆ ಬಲ ಸೇರಿಸುವುದು ಈ ನಿರ್ವಾತವೇ. ಹಳೆಯ ಬಗೆಯ ಡೀಸೆಲ್ ಎಂಜಿನ್‌ನಲ್ಲಿ ಗಾಳಿಗೆ ಅಂತಹ ತಡೆಯಿಲ್ಲ; ಆದುದರಿಂದ ಬೂಸ್ಟರ್‌ಗೆ ಸಾಕಾಗುವಷ್ಟು ನಿರ್ವಾತವೂ ದೊರೆಯುವುದಿಲ್ಲ. ಈ ಕಾರಣದಿಂದಲೇ ಡೀಸೆಲ್ ವಾಹನಗಳಲ್ಲಿ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅನೇಕ ವಾಹನಗಳಲ್ಲಿ ಅದು ಆಲ್ಟರ್ನೇಟರ್‌ನ ಹಿಂಬದಿಗೆ ಜೋಡಣೆಯಾಗಿರುತ್ತದೆ. ಎಂಜಿನ್ ಮಾತ್ರ ತಂದು ಪಂಪ್ ಬಿಟ್ಟರೆ, ಅಥವಾ ಸವೆದ ಪಂಪ್ ಹಾಕಿದರೆ, ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಓಡಿಸುವಾಗ ಈ ದೋಷ ಗಮನಕ್ಕೆ ಬಾರದಿರಬಹುದು. ಸರಕು ಹೇರಿಕೊಂಡು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಅದು ಪ್ರಾಣಕ್ಕೆ ಎರವಾಗುತ್ತದೆ.

(ಆ) ತೂಕ: ಪೆಟ್ರೋಲ್ ಎಂಜಿನ್‌ನಲ್ಲಿ ಸಂಕೋಚನ ಅನುಪಾತವು ಸಾಮಾನ್ಯವಾಗಿ 8ರಿಂದ 11 ಇದ್ದರೆ, ಡೀಸೆಲ್‌ನಲ್ಲಿ 15ರಿಂದ 22ರವರೆಗೆ ಇರುತ್ತದೆ. ಆ ಒತ್ತಡವನ್ನು ತಡೆಯಲು ಎಂಜಿನ್ ಗಟ್ಟಿಯಾಗಿಯೂ ಭಾರವಾಗಿಯೂ ಇರಲೇಬೇಕು. ಈ ಹೆಚ್ಚುವರಿ ಭಾರ ಮುಂದಿನ ಸ್ಪ್ರಿಂಗ್, ಸ್ಟಿಯರಿಂಗ್ ಮತ್ತು ಬ್ರೇಕುಗಳ ಮೇಲೆ ಬೀಳುತ್ತದೆ. ಕರಾವಳಿಯ ಉಪ್ಪು ಗಾಳಿ ಮತ್ತು ದೀರ್ಘ ಮಳೆಗಾಲದಿಂದ ತುಕ್ಕು ಹಿಡಿದಿರುವ ಹಳೆಯ ಚಾಸಿಗೆ ಹೊಸದಾಗಿ ಬೆಸುಗೆ ಹಾಕಿದ ಎಂಜಿನ್ ಪಟ್ಟಿಗಳು ಎಷ್ಟು ಕಾಲ ಹಿಡಿದಾವು ಎಂಬುದನ್ನು ಮಾಲೀಕರು ಯೋಚಿಸಬೇಕು.

(ಇ) ಗೇರ್ ಮತ್ತು ಡಿಫರೆನ್ಷಿಯಲ್: ಡೀಸೆಲ್ ಎಂಜಿನ್ ಕಡಿಮೆ ವೇಗದಲ್ಲಿ ಹೆಚ್ಚು ಎಳೆತ ಕೊಡುತ್ತದೆ, ಆದರೆ ಪೆಟ್ರೋಲ್‌ನಷ್ಟು ವೇಗವಾಗಿ ತಿರುಗುವುದಿಲ್ಲ. ಹಳೆಯ ಗೇರ್ ಬಾಕ್ಸ್, ಕ್ಲಚ್ ಮತ್ತು ಹಿಂದಿನ ಆಕ್ಸಲ್‌ಗಳನ್ನು ಪೆಟ್ರೋಲ್ ಎಂಜಿನ್‌ಗೆ ತಕ್ಕಂತೆ ರೂಪಿಸಿರುವುದರಿಂದ ಅವು ಬೇಗನೆ ಸವೆಯಬಹುದು, ಇಲ್ಲವೆ ಎಂಜಿನ್ ಸದಾ ಮಿತಿಮೀರಿ ತಿರುಗಬೇಕಾಗಬಹುದು.

(ಈ) ಇಂಧನ ಮತ್ತು ವಿದ್ಯುತ್ ವ್ಯವಸ್ಥೆ: ಡೀಸೆಲ್ ಎಂಜಿನ್‌ಗೆ ಪಂಪಿನಿಂದ ಟ್ಯಾಂಕಿಗೆ ಮರಳುವ ಕೊಳವೆ, ನೀರು ಬೇರ್ಪಡಿಸುವ ಫಿಲ್ಟರ್, ಹೆಚ್ಚು ಶಕ್ತಿಯ ಬ್ಯಾಟರಿ ಮತ್ತು ಸ್ಟಾರ್ಟರ್ ಬೇಕು. ಯಾಂತ್ರಿಕ ಪಂಪ್ ಇರುವ ಹಳೆಯ ಡೀಸೆಲ್ ಎಂಜಿನ್ ನಿಲ್ಲಬೇಕಾದರೆ ಇಂಧನವನ್ನೇ ತಡೆಯಬೇಕು. ಅದಕ್ಕೆ ತಕ್ಕ ವ್ಯವಸ್ಥೆ ಇಲ್ಲದಿದ್ದಲ್ಲಿ ತುರ್ತು ಸಂದರ್ಭದಲ್ಲಿ ಕೀಲಿ ತಿರುಗಿಸಿದರೂ ಎಂಜಿನ್ ನಿಲ್ಲದು.

5. ಹೊಗೆ ತಪಾಸಣೆ

ಪೆಟ್ರೋಲ್ ವಾಹನದ ತಪಾಸಣೆಯಲ್ಲಿ ಎಂಜಿನ್ ನಿಂತಲ್ಲೇ ಓಡುತ್ತಿರುವಾಗ ಹೊರಬರುವ ಇಂಗಾಲದ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಪ್ರಮಾಣವನ್ನು ಅಳೆಯಲಾಗುತ್ತದೆ. ಡೀಸೆಲ್ ವಾಹನದಲ್ಲಿ ಆಕ್ಸಿಲರೇಟರನ್ನು ಪೂರ್ಣವಾಗಿ ಒತ್ತಿ, ಹೊಗೆಯ ಸಾಂದ್ರತೆಯನ್ನು ಹಾರ್ಟ್ರಿಜ್ ಮಾನದಲ್ಲಿ ಅಳೆಯಲಾಗುತ್ತದೆ. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಇದರ ಮಿತಿ 65. ಭಾರತ್ ಸ್ಟೇಜ್ 4ರ ವಾಹನಗಳಿಗೆ 50. ಎರಡು ತಪಾಸಣೆಗಳಿಗೂ ಯಂತ್ರ ಬೇರೆ, ಮಾನದಂಡ ಬೇರೆ. ಯಾವ ತಪಾಸಣೆ ನಡೆಯಬೇಕೆಂಬುದು ನೋಂದಣಿ ದಾಖಲೆಯಲ್ಲಿರುವ ಇಂಧನದ ಬಗೆಯನ್ನು ಅವಲಂಬಿಸಿರುತ್ತದೆ. ದಾಖಲೆಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಇರುವ ವಾಹನಕ್ಕೆ ಸರಿಯಾದ ಹೊಗೆ ತಪಾಸಣಾ ಪ್ರಮಾಣ ಪತ್ರ ದೊರೆಯಲು ಸಾಧ್ಯವಿಲ್ಲ.

6. ವಿಮೆ

ವಿಮಾ ಕಂಪನಿಯು ನೋಂದಣಿ ಪತ್ರದಲ್ಲಿರುವ ವಿವರಗಳನ್ನು ನಂಬಿ ಪಾಲಿಸಿ ನೀಡುತ್ತದೆ. ಅಪಘಾತವಾದ ನಂತರ ಪರಿಶೀಲಕರು ಎಂಜಿನ್ ಸಂಖ್ಯೆಯನ್ನು ನೋಡುತ್ತಾರೆ. ಎಂಜಿನ್ ಸಂಖ್ಯೆ ಮತ್ತು ಇಂಧನ ಎರಡೂ ಬೇರೆಯೆಂದು ಕಂಡುಬಂದಲ್ಲಿ, ಸ್ವಂತ ವಾಹನದ ಹಾನಿಯ ಪರಿಹಾರವನ್ನು ಕಂಪನಿಯು ನಿರಾಕರಿಸಬಹುದು. ಗಾಯಗೊಂಡವರಿಗೆ ಅಥವಾ ಮೃತರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರದ ವಿಷಯದಲ್ಲಿಯೂ ಕಂಪನಿಯು ಆಕ್ಷೇಪಣೆ ಎತ್ತಿ, ಪಾವತಿಸಿದ ಹಣವನ್ನು ಮಾಲೀಕರಿಂದ ವಸೂಲು ಮಾಡಲು ನ್ಯಾಯಮಂಡಳಿಯನ್ನು ಕೋರಬಹುದು. ಅಂತಹ ಮೊತ್ತವು ಒಂದು ಹಳೆಯ ಪಿಕಪ್‌ನ ಬೆಲೆಗಿಂತ ಅನೇಕ ಪಟ್ಟು ಹೆಚ್ಚಾಗಿದ್ದು, ಮನೆ ಮತ್ತು ಜಮೀನಿನವರೆಗೂ ತಲುಪಬಹುದೆಂಬುದನ್ನು ಮರೆಯಬಾರದು.

7. ಲಾಭ ನಷ್ಟದ ಲೆಕ್ಕ

ಕಾನೂನನ್ನು ಬದಿಗಿಟ್ಟು ನೋಡಿದರೂ ಉಳಿತಾಯವು ಮೊದಲಿನಷ್ಟು ಉಳಿದಿಲ್ಲ. ಪೆಟ್ರೋಲ್ ಬೆಲೆಯು 2010ರ ಜೂನ್‌ನಲ್ಲಿಯೂ ಡೀಸೆಲ್ ಬೆಲೆಯು 2014ರ ಅಕ್ಟೋಬರ್‌ನಲ್ಲಿಯೂ ಸರ್ಕಾರದ ನಿಯಂತ್ರಣದಿಂದ ಮುಕ್ತವಾದವು. ಆ ಬಳಿಕ ಎರಡರ ನಡುವಿನ ಅಂತರ ಬಹಳಷ್ಟು ಕುಗ್ಗಿದೆ.

ಒಂದು ಉದಾಹರಣೆಯನ್ನು ನೋಡೋಣ. ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲ್ ಲೀಟರಿಗೆ ರೂ. 100, ಡೀಸೆಲ್ ರೂ. 90 ಎಂದು ಇಟ್ಟುಕೊಳ್ಳಲಾಗಿದೆ. ಪೆಟ್ರೋಲ್‌ನಲ್ಲಿ ಲೀಟರಿಗೆ 10 ಕಿ.ಮೀ., ಡೀಸೆಲ್‌ನಲ್ಲಿ 12 ಕಿ.ಮೀ. ಓಡುವ ಪಿಕಪ್ ತಿಂಗಳಿಗೆ 1,500 ಕಿ.ಮೀ. ಓಡಿದರೆ:

ಪೆಟ್ರೋಲ್ ಖರ್ಚು: 150 ಲೀಟರಿಗೆ ರೂ. 15,000
ಡೀಸೆಲ್ ಖರ್ಚು: 125 ಲೀಟರಿಗೆ ರೂ. 11,250
ತಿಂಗಳ ಉಳಿತಾಯ: ರೂ. 3,750

ಎಂಜಿನ್, ಗೇರ್ ಬಾಕ್ಸ್, ಪಂಪ್, ರೇಡಿಯೇಟರ್ ಮತ್ತು ಕೂಲಿ ಸೇರಿ ರೂ. 1,50,000 ಖರ್ಚಾಯಿತೆಂದರೆ, ಆ ಹಣ ಹಿಂದಿರುಗಲು 40 ತಿಂಗಳು ಬೇಕು. ತಿಂಗಳಿಗೆ 500 ಕಿ.ಮೀ. ಮಾತ್ರ ಓಡಿಸುವವರಿಗೆ ಉಳಿತಾಯ ರೂ. 1,250ಕ್ಕೆ ಇಳಿದು, ಅವಧಿ ಹತ್ತು ವರ್ಷಕ್ಕೆ ಏರುತ್ತದೆ. ಇದರಲ್ಲಿ ದಂಡ, ವಾಹನ ನಿಂತ ದಿನಗಳ ಬಾಡಿಗೆ ನಷ್ಟ ಮತ್ತು ಮಾರಾಟದ ವೇಳೆ ಬೆಲೆ ಕುಸಿಯುವುದು ಸೇರಿಲ್ಲ. ತಮ್ಮ ವಾಹನದ ನಿಜವಾದ ಅಂಕಿಗಳನ್ನು ಹಾಕಿ ಪ್ರತಿಯೊಬ್ಬ ಮಾಲೀಕರೂ ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

8. ಕಾನೂನುಬದ್ಧವಾದ ಬೇರೆ ದಾರಿಗಳು

(ಅ) ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್: ಹಳೆಯ ಪೆಟ್ರೋಲ್ ಎಂಜಿನ್ ಸಂಪೂರ್ಣ ಸವೆದಿದ್ದಲ್ಲಿ ಅದನ್ನು ಬೋರ್ ಮಾಡಿಸಿ ದುರಸ್ತಿಗೊಳಿಸಲು ಅಡ್ಡಿಯಿಲ್ಲ. ಅದೇ ತಯಾರಿಕೆಯ, ಅದೇ ಬಗೆಯ ಬೇರೊಂದು ಪೆಟ್ರೋಲ್ ಎಂಜಿನ್ ಹಾಕಿದಾಗ ಎಂಜಿನ್ ಸಂಖ್ಯೆ ಮಾತ್ರ ಬದಲಾಗುತ್ತದೆ. ಅದನ್ನು ನೋಂದಣಿ ಪತ್ರದಲ್ಲಿ ದಾಖಲಿಸಿಕೊಳ್ಳಬೇಕು. ಇದರ ಕ್ರಮವನ್ನು 9ನೇ ಶೀರ್ಷಿಕೆಯಲ್ಲಿ ವಿವರಿಸಲಾಗಿದೆ.

(ಆ) ಸಿ.ಎನ್.ಜಿ. ಅಥವಾ ಎಲ್.ಪಿ.ಜಿ. ಕಿಟ್: ಪೆಟ್ರೋಲ್ ಎಂಜಿನ್ ಉಳಿಸಿಕೊಂಡೇ ಖರ್ಚು ತಗ್ಗಿಸುವ ದಾರಿ ಇದಾಗಿದೆ. ಕೊಚ್ಚಿಯಿಂದ ಮಂಗಳೂರಿಗೆ ಬರುವ ಸುಮಾರು 450 ಕಿ.ಮೀ. ಉದ್ದದ ನೈಸರ್ಗಿಕ ಅನಿಲ ಕೊಳವೆ ಮಾರ್ಗವು 2021ರ ಜನವರಿ 5ರಂದು ರಾಷ್ಟ್ರಕ್ಕೆ ಸಮರ್ಪಣೆಯಾಗಿದ್ದು, ಜಿಲ್ಲೆಯಲ್ಲಿ ಸಿ.ಎನ್.ಜಿ. ದೊರೆಯುತ್ತಿದೆ. ಕಿಟ್ ತಮ್ಮ ವಾಹನಕ್ಕೆ ಅನ್ವಯಿಸುವಂತೆ ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ಅನುಮೋದನೆ ಪಡೆದಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು, ಪುಣೆಯ ಎ.ಆರ್.ಎ.ಐ. ಇಂತಹ ಒಂದು ಸಂಸ್ಥೆ. ಅಧಿಕೃತ ಅಳವಡಿಕೆ ಕೇಂದ್ರದಲ್ಲಿಯೇ ಕೆಲಸ ಮಾಡಿಸಿ, ಹೊಸ ಇಂಧನವನ್ನು ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳತಕ್ಕದ್ದು. ಸಿ.ಎನ್.ಜಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು. ಅಡುಗೆ ಅನಿಲದ ಸಿಲಿಂಡರನ್ನು ವಾಹನಕ್ಕೆ ಬಳಸುವುದು ಅಪಾಯಕಾರಿಯೂ ಅಪರಾಧವೂ ಆಗಿದೆ.

(ಇ) ವಿದ್ಯುತ್ ಕಿಟ್: ಅನುಮೋದಿತ ಕಿಟ್ ಲಭ್ಯವಿರುವ ಮಾದರಿಗಳಿಗೆ ಮಾತ್ರ ಇದು ಸಾಧ್ಯ. ಇದು ನಗರದೊಳಗಿನ ಕಡಿಮೆ ದೂರದ ಓಡಾಟಕ್ಕೆ ಹೊಂದುತ್ತದೆ.

(ಈ) ವಾಹನವನ್ನು ಗುಜರಿಗೆ ಒಪ್ಪಿಸುವುದು: ಚಾಸಿಯೇ ಸವೆದಿದ್ದರೆ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಿ ಠೇವಣಿ ಪ್ರಮಾಣ ಪತ್ರ ಪಡೆಯಬಹುದು. ಸಾಮಾನ್ಯ ಗುಜರಿ ಅಂಗಡಿಗೆ ಮಾರಿದಲ್ಲಿ ಈ ಪತ್ರ ದೊರೆಯದು. ನೋಂದಣಿಯೂ ಮಾಲೀಕರ ಹೆಸರಿನಲ್ಲಿಯೇ ಉಳಿಯುತ್ತದೆ.

9. ಅದೇ ಬಗೆಯ ಎಂಜಿನ್ ಬದಲಾವಣೆಯನ್ನು ದಾಖಲಿಸುವ ಕ್ರಮ

ಎಂಜಿನ್ ಖರೀದಿಸುವ ಮುನ್ನ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತ ಅರ್ಜಿಯ ಮೂಲಕ ವಿಚಾರಿಸಿ ಅನುಮತಿ ಪಡೆಯುವುದು ಕ್ಷೇಮಕರ. ಮಂಗಳೂರಿನ ಕೆಎ 19 ಸರಣಿಯಂತೆ ಪುತ್ತೂರಿಗೆ ಕೆಎ 21 ಮತ್ತು ಬಂಟ್ವಾಳಕ್ಕೆ ಕೆಎ 70 ಪ್ರತ್ಯೇಕ ಸರಣಿಗಳಿವೆ. ತಾವು ವಾಸಿಸುವ ಸ್ಥಳದ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಕಾಯ್ದೆಯ ಪ್ರಕಾರ ಎಂಜಿನ್ ಬದಲಾಯಿಸಿದ 14 ದಿನಗಳ ಒಳಗೆ ನೋಂದಣಿ ಪತ್ರ ಮತ್ತು ನಿಗದಿತ ಶುಲ್ಕದೊಂದಿಗೆ ವರದಿ ಮಾಡಬೇಕು.

ಸಿದ್ಧವಾಗಿ ಇಟ್ಟುಕೊಳ್ಳಬೇಕಾದ ದಾಖಲೆಗಳು:

1. ಮೂಲ ನೋಂದಣಿ ಪತ್ರ.
2. ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣಾ ಪ್ರಮಾಣ ಪತ್ರ. ಸಾರಿಗೆ ವಾಹನವಾದಲ್ಲಿ ಅರ್ಹತಾ ಪತ್ರ ಮತ್ತು ತೆರಿಗೆ ಪಾವತಿಯ ವಿವರ.
3. ಎಂಜಿನ್ ಖರೀದಿಯ ರಸೀದಿ. ಅದರಲ್ಲಿ ಎಂಜಿನ್ ಸಂಖ್ಯೆ ಸ್ಪಷ್ಟವಾಗಿರಬೇಕು.
4. ಹಳೆಯ ಎಂಜಿನ್ ಆದಲ್ಲಿ, ಅದು ಯಾವ ವಾಹನದ್ದು ಎಂಬುದನ್ನು ತೋರಿಸುವ ದಾಖಲೆ.
5. ಕೆಲಸ ಮಾಡಿದ ಗ್ಯಾರೇಜಿನ ರಸೀದಿ.
6. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ.

ಮೋಟಾರು ವಾಹನ ನಿರೀಕ್ಷಕರು ವಾಹನವನ್ನು ಖುದ್ದಾಗಿ ಪರಿಶೀಲಿಸಿ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ತಾಳೆ ನೋಡುತ್ತಾರೆ. ಸಂಖ್ಯೆ ಉಜ್ಜಿದ ಅಥವಾ ಮರುಮುದ್ರಿಸಿದ ಎಂಜಿನ್‌ಗಳನ್ನು ಅಗ್ಗವೆಂಬ ಕಾರಣಕ್ಕೆ ಕೊಳ್ಳಬಾರದು. ಅಂತಹ ಎಂಜಿನ್ ಕಳವಾದ ವಾಹನದ್ದಾಗಿದ್ದಲ್ಲಿ, ವಿಷಯವು ಸಾರಿಗೆ ಕಚೇರಿಯಿಂದ ಪೊಲೀಸ್ ಠಾಣೆಗೆ ಹೋಗುತ್ತದೆ.

10. ಈಗಾಗಲೇ ಡೀಸೆಲ್ ಎಂಜಿನ್ ಹೊಂದಿರುವ ಮಾಲೀಕರಿಗೆ

ಹಿಂದಿನ ಕಾನೂನಿನ ಅಡಿಯಲ್ಲಿ ಅನುಮತಿ ಪಡೆದು, ನೋಂದಣಿ ಪತ್ರದಲ್ಲಿ ಡೀಸೆಲ್ ಎಂದು ನಮೂದಿಸಿಕೊಂಡಿರುವವರು ಆತಂಕಪಡಬೇಕಾಗಿಲ್ಲ. ಆದರೆ ಹಳೆಯ ಪುಸ್ತಕ ರೂಪದ ದಾಖಲೆಯಲ್ಲಿರುವ ನಮೂದು ಗಣಕೀಕೃತ ವಾಹನ್ ದಾಖಲೆಯಲ್ಲಿಯೂ ಸರಿಯಾಗಿ ಬಂದಿದೆಯೇ ಎಂಬುದನ್ನು ಕೂಡಲೇ ಪರಿಶೀಲಿಸಿಕೊಳ್ಳಬೇಕು. ವ್ಯತ್ಯಾಸವಿದ್ದಲ್ಲಿ, ಹಳೆಯ ಮೂಲ ನೋಂದಣಿ ಪುಸ್ತಕದೊಂದಿಗೆ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು. ಆ ಪುಸ್ತಕವನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬಾರದು.

ಯಾವುದೇ ನಮೂದು ಇಲ್ಲದೆ ಎಂಜಿನ್ ಬದಲಾಯಿಸಿರುವವರು ವಾಹನವನ್ನು ಹಾಗೆಯೇ ಓಡಿಸುವುದನ್ನು ನಿಲ್ಲಿಸಿ, ನೋಂದಣಿ ಪತ್ರಕ್ಕೆ ಅನುಗುಣವಾದ ಎಂಜಿನ್ ಮರಳಿ ಅಳವಡಿಸಿ, ನಂತರ ತಪಾಸಣೆಗೆ ಹಾಜರುಪಡಿಸುವುದೇ ಸರಿಯಾದ ಮಾರ್ಗ. ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಎಂಟು ವರ್ಷ ಮೀರಿದ ಸಾರಿಗೆ ವಾಹನದ ಅರ್ಹತಾ ಪತ್ರವನ್ನು ಪ್ರತಿ ವರ್ಷ ನವೀಕರಿಸಬೇಕು. ಆ ವೇಳೆಗೆ ವ್ಯತ್ಯಾಸ ಬೆಳಕಿಗೆ ಬಂದೇ ಬರುತ್ತದೆ.

11. ಹಳೆಯ ವಾಹನ ಕೊಳ್ಳುವವರಿಗೆ

ಕೊಳ್ಳುವ ಮುನ್ನ ಬಾನೆಟ್ ತೆಗೆಸಿ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡತಕ್ಕದ್ದು. ಕಾಸರಗೋಡಿನಿಂದ ಅಥವಾ ಕೇರಳದ ಇತರ ಭಾಗಗಳಿಂದ ವಾಹನ ತರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಕರ್ನಾಟಕದಲ್ಲಿ ಇರಿಸುವ ವಾಹನಕ್ಕೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕಾಗಿದ್ದು, ಆಗ ವಾಹನದ ಪರಿಶೀಲನೆ ನಡೆಯುತ್ತದೆ. ಹಿಂದಿನ ಮಾಲೀಕರು ಮಾಡಿಸಿದ ಬದಲಾವಣೆಯ ಹೊರೆ ಆಗ ಹೊಸ ಮಾಲೀಕರ ಮೇಲೆ ಬೀಳುತ್ತದೆ.

12. ಕೊನೆಯದಾಗಿ

"ಎಲ್ಲ ನಾವು ನೋಡಿಕೊಳ್ಳುತ್ತೇವೆ, ಆರ್.ಸಿ. ಮಾಡಿಸಿಕೊಡುತ್ತೇವೆ" ಎನ್ನುವ ಮಧ್ಯವರ್ತಿಗಳ ಮಾತನ್ನು ನಂಬಿ ಹಣ ಕೊಡಬಾರದು. ಚಾಲ್ತಿಯಲ್ಲಿರುವ ಶುಲ್ಕದ ವಿವರಗಳನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಯಾವುದೇ ಸಂದೇಹವಿದ್ದಲ್ಲಿ ನೋಂದಣಿ ಪತ್ರದ ಪ್ರತಿಯೊಂದಿಗೆ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಿ, ಲಿಖಿತ ಉತ್ತರ ಪಡೆದ ನಂತರವೇ ಗ್ಯಾರೇಜಿಗೆ ಕೆಲಸ ಒಪ್ಪಿಸಬೇಕೆಂದು ಸಾರ್ವಜನಿಕರಲ್ಲಿ ವಿನಂತಿಸಲಾಗಿದೆ.